‘ಕಡತ ಲಭ್ಯವಿಲ್ಲ’ ಎನ್ನುವ ನೆಪಕ್ಕೆ ಇನ್ನು ಜಾಗವಿಲ್ಲ: ಸರ್ಕಾರಿ ಇಮೇಲ್‌ಗಳ ಕೀಲಿ ಯಾರ ಕೈಲಿರಬೇಕು?

ಇಮೇಲ್‌ಗಳನ್ನು ದಶಕಗಟ್ಟಲೆ ಕಾಪಿಡುವ ತಂತ್ರಜ್ಞಾನ ಈಗ ಅಗ್ಗ. ಹಾಗಿದ್ದೂ ನಮ್ಮ ಕಚೇರಿಗಳ ಪತ್ರವ್ಯವಹಾರ ಅಧಿಕಾರಿಯ ವರ್ಗಾವಣೆಯ ಜೊತೆಗೇ ಮಾಯವಾಗುತ್ತದೆ ಅಂದರೆ, ಅದು ತಾಂತ್ರಿಕ ಸಮಸ್ಯೆಯಲ್ಲ, ರಾಜಕೀಯ ಸಮಸ್ಯೆ.

ಹಳೇಬೀಡಿಗೆ ಹೋದವರಲ್ಲಿ ಬಹಳಷ್ಟು ಜನ ಹೊಯ್ಸಳೇಶ್ವರ ದೇವಾಲಯ ನೋಡಿ, ಫೋಟೊ ತೆಗೆಸಿಕೊಂಡು ಬಸ್ ಹತ್ತಿಬಿಡುತ್ತಾರೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಬಸ್ತಿಹಳ್ಳಿ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಎಂಬ ಮೂರು ಜೈನ ಬಸದಿಗಳು ಅಲ್ಲಿ ಸಾಲಾಗಿ ನಿಂತಿವೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ್ದು ಪಾರ್ಶ್ವನಾಥ ಬಸದಿ. ಅಲ್ಲಿನ ಶಾಸನದಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ. ಪ್ರತಿಷ್ಠೆಯ ಪ್ರಸಾದ ಹೊತ್ತವರು ಬಂಕಾಪುರದಲ್ಲಿದ್ದ ರಾಜನ ಬಳಿಗೆ ಹೋದರು. ರಾಜ ಆಗಷ್ಟೇ ಯುದ್ಧ ಗೆದ್ದಿದ್ದ, ಅವನಿಗೆ ಮಗನೂ ಹುಟ್ಟಿದ್ದ. ಆ ಖುಷಿಯಲ್ಲಿ ದೇವರಿಗೆ ವಿಜಯ ಪಾರ್ಶ್ವ ಎಂದೂ ಮಗನಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟ.

ದೋರಸಮುದ್ರದಿಂದ ಬಂಕಾಪುರಕ್ಕೆ ಹೋದ ಸುದ್ದಿ, ಅದಕ್ಕೆ ಬಂದ ಉತ್ತರ ಎರಡೂ ಒಂಬೈನೂರು ವರ್ಷದ ಹತ್ತಿರ ಹತ್ತಿರ ಉಳಿದುಕೊಂಡಿವೆ. ಕಲ್ಲಿನ ಮೇಲೆ ಕೆತ್ತಿದ್ದರು, ಉಳಿಯಿತು ಅನ್ನಬಹುದು. ಆದರೆ ಕಲ್ಲಷ್ಟೇ ಸಾಕಾಗಿರಲಿಲ್ಲ. ಬಿ.ಎಲ್. ರೈಸ್ ಹಳೇ ಮೈಸೂರಿನ ಊರೂರು ಸುತ್ತಿಸಿ ಸುಮಾರು 9 ಸಾವಿರ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ದಾಖಲಿಸಿದರು. ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ. ಪ್ರತಿ ಶಾಸನಕ್ಕೂ ಒಂದು ತಾಲ್ಲೂಕಿನ ಹೆಸರು, ಒಂದು ಸಂಖ್ಯೆ, ಕಾಲ, ಸ್ಥಳ. ಆ ಪಟ್ಟಿ ಇರದಿದ್ದರೆ ಕಲ್ಲು ಅಲ್ಲೇ ಇರುತ್ತಿತ್ತು, ಹುಡುಕಿಕೊಂಡು ಹೋಗುವವರಿಗೆ ಮಾತ್ರ ಸಿಗುತ್ತಿರಲಿಲ್ಲ.

ಈಗ ಅದೇ ಬಸ್ತಿಹಳ್ಳಿಯ ಇವತ್ತಿನ ಪತ್ರವ್ಯವಹಾರಕ್ಕೆ ಬರೋಣ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರ ಕಾನೂನು ತಿದ್ದುಪಡಿ ಹೇಳುತ್ತದೆ. ಅದರೊಳಗೆ ಹಳೇ ಮನೆಯ ದುರಸ್ತಿಗೂ ಅನುಮತಿ ಬೇಕು. ಬಸದಿಗಳ ಪಕ್ಕದಲ್ಲಿ ಮನೆ ಇರುವ ಒಂದು ಕುಟುಂಬ ಇವತ್ತು ಚಾವಣಿ ರಿಪೇರಿಗೆ ಅರ್ಜಿ ಹಾಕಿತು ಅಂತ ಇಟ್ಟುಕೊಳ್ಳಿ. ಪಂಚಾಯಿತಿಯಿಂದ ಇಲಾಖೆಗೆ, ಇಲಾಖೆಯಿಂದ ಪ್ರಾಧಿಕಾರಕ್ಕೆ ಇಮೇಲ್‌ಗಳು ಓಡಾಡಿದವು, ಅನುಮತಿಯೂ ಸಿಕ್ಕಿತು. ಹತ್ತು ವರ್ಷದ ನಂತರ ಯಾರೋ ತಕರಾರು ತೆಗೆದರು. ಆ ಇಮೇಲ್‌ಗಳು ಎಲ್ಲಿ? ಅಷ್ಟರಲ್ಲಿ ನಾಲ್ಕು ಜನ ಪಿಡಿಒ ಬದಲಾಗಿರುತ್ತಾರೆ. ಒಬ್ಬರು ಸ್ವಂತ ಜಿಮೇಲ್‌ನಿಂದ ಬರೆದಿರಬಹುದು, ಇನ್ನೊಬ್ಬರು ‘ಮೇಲ್‌ಬಾಕ್ಸ್ ತುಂಬಿದೆ’ ಎಂಬ ಎಚ್ಚರಿಕೆ ಬಂದಾಗ ಹಳೆಯದನ್ನೆಲ್ಲ ಅಳಿಸಿರಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಏನು ಬರುತ್ತದೆ ಅಂತ ಅರ್ಜಿ ಹಾಕಿ ಅಭ್ಯಾಸ ಇರುವವರಿಗೆಲ್ಲ ಗೊತ್ತು: ‘ಕಡತ ಲಭ್ಯವಿಲ್ಲ.’

1133ರ ಸುದ್ದಿ ಸಿಗುತ್ತದೆ, ಇವತ್ತಿನದು ಸಿಗುವುದಿಲ್ಲ. ಜಾಗ ಇಲ್ಲ, ಸರ್ವರ್ ಸಾಲದು ಎಂಬುದು ಇದಕ್ಕೆ ಹೇಳುತ್ತಾ ಬಂದಿರುವ ಕಾರಣ. ಆ ಕಾರಣಕ್ಕೆ ಈಗ ಅರ್ಥವಿಲ್ಲ.

ಚಪ್ಪಲಿ ಸ್ಟ್ಯಾಂಡಿನ ಟೋಕನ್

ಇಮೇಲ್ ಸರ್ವರ್‌ಗಳು ಮೊದಲಿನಿಂದ ಕೆಲಸ ಮಾಡಿದ್ದು ಕಚೇರಿಯ ಬೀರುವಿನ ಹಾಗೆ. ಒಂದು ಕಾಲದಲ್ಲಿ ಒಬ್ಬರ ಇಮೇಲ್‌ಗಳೆಲ್ಲ ಒಂದೇ ಉದ್ದನೆಯ ಫೈಲ್‌ನಲ್ಲಿ ಒಂದರ ಕೆಳಗೊಂದು ಸೇರಿಕೊಳ್ಳುತ್ತಿದ್ದವು. ಆ ಫೈಲ್ ಕೆಟ್ಟರೆ ಎಲ್ಲವೂ ಕೆಟ್ಟ ಹಾಗೆ. ಆಮೇಲೆ ಒಂದು ಇಮೇಲ್‌ಗೆ ಒಂದು ಫೈಲ್ ಎಂಬ ಪದ್ಧತಿ ಬಂತು. ಡೇನಿಯಲ್ ಬರ್ನ್‌ಸ್ಟೈನ್ ರೂಪಿಸಿದ ‘ಮೇಲ್‌ಡಿರ್’ ಅಂಥದ್ದು. ಇದು ಸುರಕ್ಷಿತ, ಆದರೆ ಕೋಟಿಗಟ್ಟಲೆ ಪುಟ್ಟ ಪುಟ್ಟ ಫೈಲ್‌ಗಳು. ಡಿಸ್ಕ್ ತುಂಬಿದರೆ ದೊಡ್ಡ ಡಿಸ್ಕ್ ತರಬೇಕು, ದುಬಾರಿ ಸ್ಟೋರೇಜ್ ಯಂತ್ರ ಕೊಳ್ಳಬೇಕು, ಎಲ್ಲವನ್ನೂ ಅತ್ತ ಸಾಗಿಸಬೇಕು. ಹಾಗಾಗಿಯೇ ಕಚೇರಿಗಳು ‘ಒಬ್ಬರಿಗೆ ಇಷ್ಟೇ ಜಾಗ’ ಅಂತ ಮಿತಿ ಹಾಕಿದವು.

ಆಬ್ಜೆಕ್ಟ್ ಸ್ಟೋರೇಜ್ ಬೇರೆ ದಾರಿ ಹಿಡಿಯಿತು. ಬೇಲೂರು ದೇವಸ್ಥಾನದ ಹೊರಗಿನ ಚಪ್ಪಲಿ ಸ್ಟ್ಯಾಂಡ್ ನೆನಪು ಮಾಡಿಕೊಳ್ಳಿ. ಚಪ್ಪಲಿ ಕೊಡುತ್ತೀರಿ, ಟೋಕನ್ ತೆಗೆದುಕೊಳ್ಳುತ್ತೀರಿ. ಅವರು ಅದನ್ನು ಯಾವ ಗೂಡಿನಲ್ಲಿ ಇಟ್ಟರು ಅಂತ ನಿಮಗೆ ಗೊತ್ತಾಗಬೇಕಿಲ್ಲ. ಟೋಕನ್ ಕೊಟ್ಟರೆ ನಿಮ್ಮದು ನಿಮ್ಮ ಕೈಗೆ ಬರುತ್ತದೆ. ಜನ ಜಾಸ್ತಿ ಬಂದರೆ ಇನ್ನೊಂದು ಸ್ಟ್ಯಾಂಡ್ ಜೋಡಿಸಿದರಾಯಿತು. ಇಲ್ಲೂ ಅಷ್ಟೇ. ಒಂದು ಇಮೇಲ್ ಅಂದರೆ ಒಂದು ಆಬ್ಜೆಕ್ಟ್, ಅದಕ್ಕೊಂದು ಕೀ. ಒಳಗೆ ಫೋಲ್ಡರ್ ಇಲ್ಲ, ಮೆಟ್ಟಿಲಿಲ್ಲ. ‘ಬಕೆಟ್’ ಅಂತ ಕರೆಯುವ ದೊಡ್ಡ ಕಣಜವಿದೆ. ಅಮೆಜಾನ್ ತನ್ನ ‘ಎಸ್3’ ಸೇವೆಯನ್ನು 2006ರ ಮಾರ್ಚ್‌ನಲ್ಲಿ ಶುರು ಮಾಡಿದ ಮೇಲೆ ಅದರ ಭಾಷೆಯೇ ಈ ಕ್ಷೇತ್ರದ ರೂಢಿಯ ಭಾಷೆಯಾಯಿತು. ‘ಸೆಫ್’ನಂತಹ ಮುಕ್ತ ತಂತ್ರಾಂಶವೂ ಅದೇ ಭಾಷೆ ಮಾತಾಡುತ್ತದೆ. ಅಂದರೆ ಅಮೆಜಾನ್ ಇಲ್ಲದೆಯೂ ನಮ್ಮದೇ ಕಣಜ ಕಟ್ಟಬಹುದು.

ಇಮೇಲ್‌ಗೆ ಇದು ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಬಂದ ಇಮೇಲ್ ಆಮೇಲೆ ಬದಲಾಗುವುದಿಲ್ಲ. ಕೆತ್ತಿದ ಶಾಸನದಂತೆ ಅದು ಹಾಗೇ ಇರುತ್ತದೆ. ಉಳಿಸುವ ಖರ್ಚೂ ಕಡಿಮೆ. ಮೂರು ಪ್ರತಿ ಇಡುವ ಬದಲು ಪ್ರತಿ ಆಬ್ಜೆಕ್ಟನ್ನು ನಾಲ್ಕು ತುಂಡು ಮಾಡಿ, ಲೆಕ್ಕ ಹಾಕಿ ಎರಡು ಹೆಚ್ಚುವರಿ ತುಂಡು ಸೇರಿಸಿ ಆರು ಯಂತ್ರಗಳಲ್ಲಿ ಹಂಚಿದರೆ, ಯಾವ ಎರಡು ಯಂತ್ರ ಹಾಳಾದರೂ ಇಮೇಲ್ ವಾಪಸ್ ಸಿಗುತ್ತದೆ. ಮೂರು ಪಟ್ಟು ಜಾಗದ ಬದಲು ಒಂದೂವರೆ ಪಟ್ಟು ಸಾಕು.

ಲೆಕ್ಕ ಹಾಕೋಣ

ಕರ್ನಾಟಕದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಪ್ರತಿ ಪಂಚಾಯಿತಿಗೆ ವರ್ಷಕ್ಕೆ 5 ಜಿಬಿ ಇಮೇಲ್ ಅಂತ ಧಾರಾಳವಾಗಿಯೇ ಹಿಡಿಯಿರಿ. ವರ್ಷಕ್ಕೆ 30 ಟೆರಾಬೈಟ್. ಒಂದೂವರೆ ಪಟ್ಟು ಅಂದರೆ 45. ಹತ್ತು ವರ್ಷಕ್ಕೆ 450. ಮಾರುಕಟ್ಟೆಯಲ್ಲಿ ಸಿಗುವ 20 ಟೆರಾಬೈಟ್‌ನ ಡಿಸ್ಕ್‌ಗಳಲ್ಲಿ ಎಣಿಸಿದರೆ 23 ಡಿಸ್ಕ್. ಬೇರೊಂದು ಊರಿನಲ್ಲಿ ಪೂರ್ತಿ ಎರಡನೇ ಪ್ರತಿ ಇಟ್ಟರೂ 46. ಸರ್ವರ್, ವಿದ್ಯುತ್, ಸಂಬಳ ಎಲ್ಲ ಸೇರಿಸಿದರೂ ಒಂದು ರಾಜ್ಯ ಸರ್ಕಾರಕ್ಕೆ ಇದು ಯಾವ ಲೆಕ್ಕ? ರಾಜ್ಯದ ಅಷ್ಟೂ ಪಂಚಾಯಿತಿಗಳ ಹತ್ತು ವರ್ಷದ ಪತ್ರವ್ಯವಹಾರ ಒಂದು ಸಣ್ಣ ಕೋಣೆಯಲ್ಲಿ ಹಿಡಿಸುತ್ತದೆ. ಹಾಗಾಗಿ ‘ಜಾಗ ಇಲ್ಲದ್ದಕ್ಕೆ ಅಳಿಸಿದೆವು’ ಎಂಬ ಮಾತನ್ನು ಇನ್ನು ಮುಂದೆ ಯಾರೂ ಒಪ್ಪಬೇಕಿಲ್ಲ.

ಟೋಕನ್ ಪುಸ್ತಕ ಯಾರ ಬಳಿ ಇದೆ?

ಆದರೆ ಅಗ್ಗದ ಕಣಜ ಸಿಕ್ಕಿತು ಅಂತ ಕುಣಿಯುವ ಮೊದಲು ಅದರ ಕೊರತೆಯನ್ನೂ ನೋಡಬೇಕು. ಆಬ್ಜೆಕ್ಟ್ ಬದಲಾಗುವುದಿಲ್ಲ ನಿಜ, ಆದರೆ ಇಮೇಲ್ ಸುತ್ತಲಿನ ವಿವರ ದಿನಕ್ಕೆ ನೂರು ಸಲ ಬದಲಾಗುತ್ತದೆ. ಓದಿದ್ದೀರಾ, ಉತ್ತರಿಸಿದಿರಾ, ಯಾವ ಫೋಲ್ಡರ್‌ಗೆ ಹಾಕಿದಿರಿ, ಸ್ಟಾರ್ ಹಾಕಿದಿರಾ? ಇದನ್ನೆಲ್ಲ ಕಣಜದೊಳಗೆ ಹೋಗಿ ತಿದ್ದುತ್ತಾ ಕೂತರೆ ಮೇಲ್ ತೆರೆಯಲು ಕಾಯಬೇಕಾಗುತ್ತದೆ. ಹಾಗಾಗಿ ಈ ವಿವರ ಬೇರೆ ಕಡೆ, ವೇಗದ ಡಿಸ್ಕ್‌ನಲ್ಲಿ, ಇಂಡೆಕ್ಸ್ ಎಂಬ ಹೆಸರಲ್ಲಿ ಕೂರುತ್ತದೆ. ಚಪ್ಪಲಿ ಸ್ಟ್ಯಾಂಡಿನ ಉದಾಹರಣೆಯಲ್ಲಿ ಇದು ಟೋಕನ್ ಪುಸ್ತಕ.

ಪುಸ್ತಕ ಕಳೆದರೆ ಏನಾಗುತ್ತದೆ? ಇಮೇಲ್‌ಗಳು ಕಣಜದಲ್ಲಿ ಭದ್ರವಾಗಿಯೇ ಇರುತ್ತವೆ, ಆದರೆ ಯಾವುದು ಯಾವ ಕಚೇರಿಯದು, ಯಾವ ವಿಷಯದ್ದು ಅಂತ ತಿಳಿಯಲು ಕೋಟಿಗಟ್ಟಲೆ ಆಬ್ಜೆಕ್ಟ್‌ಗಳನ್ನು ಒಂದೊಂದಾಗಿ ತೆರೆದು ಮತ್ತೆ ಪಟ್ಟಿ ಮಾಡಬೇಕು. ರೈಸ್ ಊರೂರು ಸುತ್ತಿಸಿದಂತೆ. ಅದಕ್ಕೇ ಇಂಡೆಕ್ಸ್ ಯಾರ ಹಿಡಿತದಲ್ಲಿದೆಯೋ ಇಮೇಲ್ ಅವರ ಹಿಡಿತದಲ್ಲಿದೆ. ‘ನಿಮ್ಮ ಡೇಟಾ ನಿಮ್ಮದೇ, ಬಕೆಟ್ ನಿಮ್ಮ ಹೆಸರಲ್ಲೇ ಇದೆ’ ಎಂದು ಮಾರುವವರು ಹೇಳಿದಾಗ ಕೇಳಬೇಕಾದ ಮರುಪ್ರಶ್ನೆ ಇದು: ಇಂಡೆಕ್ಸ್ ಯಾವ ರೂಪದಲ್ಲಿದೆ, ಅದನ್ನು ಬೇರೆಯವರ ತಂತ್ರಾಂಶ ಓದುತ್ತದಾ?

ಇದು ಊಹೆಯ ಭಯವಲ್ಲ. ಜಗತ್ತಿನಲ್ಲಿ ಬಹಳ ಬಳಕೆಯಲ್ಲಿರುವ ಇಮೇಲ್ ಸರ್ವರ್ ‘ಡವ್‌ಕಾಟ್’ ಮುಕ್ತ ತಂತ್ರಾಂಶ. ಆದರೆ ಆಬ್ಜೆಕ್ಟ್ ಸ್ಟೋರೇಜ್‌ಗೆ ಜೋಡಿಸುವ ಅದರ ‘ಓಬಾಕ್ಸ್’ ಎಂಬ ಭಾಗ ಸಿಗುವುದು ಹಣ ಕೊಟ್ಟು ಪಡೆಯುವ ಆವೃತ್ತಿಯಲ್ಲಿ. ಜರ್ಮನಿಯ ಡಾಯ್ಚ ಟೆಲಿಕಾಮ್ ಕಂಪನಿ ಈ ಹಂಗು ಬೇಡ ಅಂತ, ಇಮೇಲ್‌ಗಳನ್ನು ನೇರ ಸೆಫ್‌ನಲ್ಲಿ ಇಡುವ ಜೋಡಣೆಯೊಂದನ್ನು ಹಣ ಕೊಟ್ಟು ಬರೆಸಿ ಮುಕ್ತವಾಗಿ ಬಿಟ್ಟಿತು. ‘ಸ್ಟಾಲ್ವಾರ್ಟ್’ ಎಂಬ ಹೊಸ ಮುಕ್ತ ಸರ್ವರ್‌ನಲ್ಲಿ ಎಸ್3 ಬೆಂಬಲ ಮೊದಲಿನಿಂದಲೇ ಸೇರಿದೆ. ದಾರಿಗಳಿವೆ, ಆದರೆ ಟೆಂಡರ್ ಬರೆಯುವ ದಿನವೇ ಇದನ್ನೆಲ್ಲ ಯೋಚಿಸಬೇಕು.

ಮುಕ್ತ ತಂತ್ರಾಂಶ ಅಂದ ಮಾತ್ರಕ್ಕೂ ನಿಶ್ಚಿಂತೆಯಿಲ್ಲ. ‘ಮಿನಿಯೋ’ ಎಂಬ ಜನಪ್ರಿಯ ಆಬ್ಜೆಕ್ಟ್ ಸ್ಟೋರೇಜ್ ತಂತ್ರಾಂಶ 2025ರಲ್ಲಿ ತನ್ನ ಉಚಿತ ಆವೃತ್ತಿಯಿಂದ ನಿರ್ವಹಣೆಯ ಪರದೆಗಳನ್ನು ತೆಗೆದುಹಾಕಿತು. ಅದನ್ನೇ ನಂಬಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ಕ್ಲೌಡ್‌ನದ್ದು ಇನ್ನೊಂದು ಬಗೆ. ಎಸ್3ರ ಮುಂಬೈ ವಲಯದಲ್ಲಿ ಒಂದು ಜಿಬಿ ತಿಂಗಳು ಪೂರ್ತಿ ಇಡಲು ದರಪಟ್ಟಿಯ ಪ್ರಕಾರ ಎರಡೂವರೆ ಸೆಂಟ್. ಅದೇ ಒಂದು ಜಿಬಿಯನ್ನು ಇಂಟರ್ನೆಟ್‌ಗೆ ಹೊರತೆಗೆಯಲು ಸುಮಾರು 11 ಸೆಂಟ್. ಒಳಗೆ ಹೋಗುವುದು ಪುಕ್ಕಟೆ, ಹೊರಗೆ ಬರಲು ನಾಲ್ಕು ತಿಂಗಳ ಬಾಡಿಗೆ. ಪೂರ್ತಿ ಬಿಟ್ಟು ಹೋಗುವ ಗ್ರಾಹಕರಿಗೆ ಈ ಶುಲ್ಕ ಮನ್ನಾ ಮಾಡುವುದಾಗಿ ಗೂಗಲ್, ಅಮೆಜಾನ್ 2024ರಲ್ಲಿ ಹೇಳಿದ್ದು ಯುರೋಪಿನ ಹೊಸ ಕಾನೂನಿನ ಬಿಸಿ ತಾಗುವ ಹೊತ್ತಿಗೆ. ಕಾನೂನು ಬರೆದರೆ ದೊಡ್ಡ ಕಂಪನಿಗಳೂ ಬಾಗುತ್ತವೆ ಎಂಬುದಕ್ಕೆ ಇದೇ ಉದಾಹರಣೆ.

ಒಂದು ಬೆಳಗ್ಗೆ ಮೇಲ್ ತೆರೆಯದಿದ್ದರೆ

2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ಗುಜರಾತಿನಲ್ಲಿ ತೈಲ ಸಂಸ್ಕರಣಾಗಾರ ಇರುವ ನಯಾರಾ ಎನರ್ಜಿ ಮೇಲೆ ನಿರ್ಬಂಧ ಹೇರಿತು. ರಷ್ಯಾದ ರಾಸ್ನೆಫ್ಟ್ ಅದರಲ್ಲಿ ಪಾಲುದಾರ ಎಂಬುದು ಕಾರಣ. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದರ ಇಮೇಲ್ ಸೇರಿದಂತೆ ಸೇವೆಗಳನ್ನು ನಿಲ್ಲಿಸಿತು. ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಸೇವೆ ವಾಪಸ್ ಬಂತು. ಭಾರತದ ಯಾವ ಕಾನೂನನ್ನೂ ಮುರಿಯದ, ಭಾರತದಲ್ಲೇ ವ್ಯವಹಾರ ಮಾಡುವ ಕಂಪನಿಯೊಂದು ತನ್ನದೇ ಹಳೆಯ ಪತ್ರಗಳನ್ನು ತೆರೆಯಲಾಗದೆ ಕೂತಿತ್ತು. ನಯಾರಾ ಮೇಲೆ ನಿಮಗೆ ಕನಿಕರ ಹುಟ್ಟಬೇಕಿಲ್ಲ. ನಾಳೆ ಒಂದು ಜಿಲ್ಲಾಡಳಿತಕ್ಕೆ ಹೀಗಾದರೆ ಏನು ಎಂದಷ್ಟೇ ಯೋಚಿಸಿ.

ಹಾಗಂತ ಎಲ್ಲವನ್ನೂ ನಮ್ಮ ಕಟ್ಟಡದಲ್ಲೇ ಇಟ್ಟುಕೊಂಡರೆ ಮುಗಿಯಿತಾ? ದಕ್ಷಿಣ ಕೊರಿಯಾ ಹಾಗೇ ಅಂದುಕೊಂಡಿತ್ತು. ಅಲ್ಲಿನ ಸರ್ಕಾರಿ ನೌಕರರು ಕಡತಗಳನ್ನು ‘ಜಿ-ಡ್ರೈವ್’ ಎಂಬ ಸರ್ಕಾರದ್ದೇ ಸಂಗ್ರಹದಲ್ಲಿ ಇಡುತ್ತಿದ್ದರು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿತು. 858 ಟೆರಾಬೈಟ್ ಕಡತಗಳು ಸುಟ್ಟುಹೋದವು. ಗಾತ್ರ ದೊಡ್ಡದು ಎಂಬ ಕಾರಣಕ್ಕೆ ಹೊರಗೆಲ್ಲೂ ಪ್ರತಿ ಇಟ್ಟಿರಲಿಲ್ಲ! ನಮ್ಮ ಪಂಚಾಯಿತಿಗಳ ಲೆಕ್ಕದಲ್ಲಿ ‘ಬೇರೊಂದು ಊರಿನಲ್ಲಿ ಎರಡನೇ ಪ್ರತಿ’ ಎಂದು ಸೇರಿಸಿದ್ದು ಇದಕ್ಕೇ.

ಸರಿಯಾಗಿ ಮಾಡಿದವರೂ ಇದ್ದಾರೆ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ಎಂಬ ರಾಜ್ಯ 40 ಸಾವಿರಕ್ಕೂ ಹೆಚ್ಚು ಸರ್ಕಾರಿ ಮೇಲ್‌ಬಾಕ್ಸ್‌ಗಳನ್ನು ಮೈಕ್ರೋಸಾಫ್ಟ್‌ನಿಂದ ಮುಕ್ತ ತಂತ್ರಾಂಶಕ್ಕೆ ಸಾಗಿಸುವ ಕೆಲಸವನ್ನು 2025ರ ಅಕ್ಟೋಬರ್‌ನಲ್ಲಿ ಮುಗಿಸಿತು. ಆ ರಾಜ್ಯದ ಒಟ್ಟು ಜನಸಂಖ್ಯೆ ಸುಮಾರು 30 ಲಕ್ಷ. ನಮ್ಮ ಬೆಂಗಳೂರಿನ ಮುಂದೆ ಅದು ಪುಟ್ಟ ಊರು.

ಸ್ವದೇಶಿ ಅಂದರೆ ಸಾಕಾ?

ಅದೇ ಅಕ್ಟೋಬರ್‌ನಲ್ಲಿ ನಮ್ಮಲ್ಲೂ ಸುದ್ದಿಯಾಯಿತು. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲ್‌ಗಳು ಎನ್‌ಐಸಿಯ ಹಳೆಯ ವ್ಯವಸ್ಥೆಯಿಂದ ಝೋಹೋ ಕಂಪನಿಯ ವೇದಿಕೆಗೆ ಹೋಗಿವೆ. ಗೃಹ ಸಚಿವ ಅಮಿತ್ ಶಾ ಕೂಡ ಝೋಹೋ ಮೇಲ್‌ಗೆ ಬಂದಿದ್ದಾಗಿ ಪ್ರಕಟಿಸಿದರು. ವಿಳಾಸದ ಕೊನೆಯಲ್ಲಿ ಸರ್ಕಾರದ ಹೆಸರೇ ಇದೆ, ಹಿಂದಿರುವ ಯಂತ್ರ ಮತ್ತು ತಂತ್ರಾಂಶ ಖಾಸಗಿಯದು.

ತಮಿಳುನಾಡಿನ ಕಂಪನಿಯೊಂದು ಅಮೆರಿಕದ ದೈತ್ಯರಿಗೆ ಸರಿಸಾಟಿಯಾಗಿ ಬೆಳೆದದ್ದು ಹೆಮ್ಮೆಯ ವಿಷಯವೇ. ನಯಾರಾ ಪ್ರಕರಣದ ನಂತರ ದೇಶದೊಳಗಿನ ಕಂಪನಿ ಬೇಕು ಅನ್ನುವುದರಲ್ಲೂ ತರ್ಕವಿದೆ. ಆದರೆ ಮಾಲೀಕರ ಪಾಸ್‌ಪೋರ್ಟ್ ಬದಲಾದರೆ ಟೋಕನ್ ಪುಸ್ತಕದ ಪ್ರಶ್ನೆ ಮುಗಿಯುವುದಿಲ್ಲ. ಗುತ್ತಿಗೆ ಮುಗಿದ ದಿನ ಇಮೇಲ್‌ಗಳು, ಫೋಲ್ಡರ್‌ಗಳು, ಇಂಡೆಕ್ಸ್ ಎಲ್ಲವೂ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ, ಯಾರ ಖರ್ಚಿನಲ್ಲಿ ವಾಪಸ್ ಬರುತ್ತವೆ? ಎನ್‌ಕ್ರಿಪ್ಷನ್ ಕೀಲಿ ಕಂಪನಿಯ ಬಳಿಯೋ ಸರ್ಕಾರದ ಬಳಿಯೋ? ಇಂಥ ಷರತ್ತುಗಳು ಸಾರ್ವಜನಿಕ ಚರ್ಚೆಗೆ ಬರಬೇಕು. ‘ಸ್ವದೇಶಿ’ ಎಂಬ ಘೋಷಣೆಯ ಸದ್ದಿನಲ್ಲಿ ಅವು ಕೇಳಿಸಲೇ ಇಲ್ಲ.

ಕರ್ನಾಟಕಕ್ಕೆ ಇದು ಇನ್ನೂ ಹತ್ತಿರದ ಪ್ರಶ್ನೆ. ಅಮೆಜಾನ್‌ನ ಕ್ಲೌಡ್ ವಲಯಗಳು ಮುಂಬೈ ಮತ್ತು ಹೈದರಾಬಾದ್‌ನಲ್ಲಿವೆ, ಗೂಗಲ್‌ನದು ಮುಂಬೈ ಮತ್ತು ದೆಹಲಿಯಲ್ಲಿ. ಐಟಿ ರಾಜಧಾನಿ ಎನಿಸಿಕೊಂಡ ಬೆಂಗಳೂರಿನ ಕಚೇರಿ ಈ ಕ್ಲೌಡ್‌ಗಳಿಗೆ ಹೋದರೆ ಅದರ ಪತ್ರಗಳು ಬೇರೆ ರಾಜ್ಯದಲ್ಲಿ ಮಲಗುತ್ತವೆ. ಹಾಗಂತ ಇಲ್ಲಿ ತಿಳಿವಳಿಕೆಯ ಕೊರತೆಯಿದೆಯಾ? 2011ರಲ್ಲಿ ರೆಡ್ ಹ್ಯಾಟ್ 13 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡ ‘ಗ್ಲಸ್ಟರ್’ ಎಂಬ ಸ್ಟೋರೇಜ್ ತಂತ್ರಾಂಶದ ದೊಡ್ಡ ಪಾಲನ್ನು ಬರೆದದ್ದು ಬೆಂಗಳೂರಿನ ಇಂಜಿನಿಯರ್‌ಗಳು. ಜಗತ್ತಿಗೆ ಕಣಜ ಕಟ್ಟಿಕೊಟ್ಟ ಊರು ತನ್ನ ಪಂಚಾಯಿತಿಗಳ ಪತ್ರ ಇಡಲು ಜಾಗವಿಲ್ಲ ಅನ್ನುವುದು ತಮಾಷೆಯಲ್ಲವೇ?

ಎಲ್ಲವನ್ನೂ ಇಟ್ಟುಕೊಳ್ಳುವುದೂ ಅಪಾಯವೇ

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಸರ್ಕಾರ ಏನನ್ನೂ ಅಳಿಸದೆ ಇಟ್ಟುಕೊಳ್ಳುವುದು ಕಣ್ಗಾವಲಿಗೆ ದಾರಿಯಲ್ಲವೇ? ಅಗ್ಗದ ಸಂಗ್ರಹ ಎರಡೂ ಕಡೆ ಹರಿತವಿರುವ ಕತ್ತಿ. ಪಿಂಚಣಿಗೆ ಅರ್ಜಿ ಹಾಕಿದ ಅಜ್ಜಿಯ ಆಧಾರ್ ಪ್ರತಿ, ಕಾಯಿಲೆಯ ವಿವರ ಯಾವುದೋ ಬಕೆಟ್‌ನಲ್ಲಿ ಶಾಶ್ವತವಾಗಿ ಕೂರಬೇಕಾಗಿಲ್ಲ. ಒಂದು ಬಕೆಟ್‌ನ ಬಾಗಿಲು ತಪ್ಪಿ ತೆರೆದಿದ್ದರೆ ಲಕ್ಷಾಂತರ ಜನರ ವಿವರ ಒಮ್ಮೆಗೇ ಬೀದಿಗೆ ಬರುತ್ತದೆ.

ಇದಕ್ಕೆ ಉತ್ತರ ಎಲ್ಲವನ್ನೂ ಅಳಿಸುವುದಲ್ಲ. ಯಾವುದನ್ನು ಎಷ್ಟು ವರ್ಷ ಇಡಬೇಕು ಎಂಬ ನಿಯಮ ಮೊದಲೇ ಬರೆದಿರಬೇಕು. ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿ ಪ್ರತಿ ಆಬ್ಜೆಕ್ಟ್‌ಗೂ ಅವಧಿ ಕಟ್ಟಬಹುದು. ಅವಧಿ ಮುಗಿಯುವ ತನಕ ಅಧಿಕಾರಿಯೇ ಬಂದು ‘ಅಳಿಸು’ ಅಂದರೂ ಅಳಿಸದ ಬೀಗ ಹಾಕಬಹುದು, ಮುಗಿದ ಮೇಲೆ ತಾನಾಗಿಯೇ ಅಳಿಯುವಂತೆಯೂ ಮಾಡಬಹುದು. ಅಂದರೆ ಅಳಿಸುವ ಅಧಿಕಾರ ವ್ಯಕ್ತಿಯ ಬೆರಳಿನಿಂದ ನಿಯಮಕ್ಕೆ ಹೋಗುತ್ತದೆ. ಹಗರಣದ ವಾಸನೆ ಬಂದ ರಾತ್ರಿ ಮೇಲ್‌ಬಾಕ್ಸ್ ಖಾಲಿಯಾಗುವುದು ಆಗ ಅಷ್ಟು ಸುಲಭವಲ್ಲ. ಈ ಬೀಗವನ್ನು ಇಷ್ಟಪಡದವರು ಯಾರು ಅಂತ ಯೋಚಿಸಿದರೆ, ಇದು ಯಾಕೆ ಇನ್ನೂ ಬಂದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಸಿಗುತ್ತದೆ.

ಕಾನೂನಿನಲ್ಲೇ ಇದೆ

2005ರ ಮಾಹಿತಿ ಹಕ್ಕು ಕಾಯ್ದೆಯ 2(ಎಫ್) ಕಲಂ ‘ಮಾಹಿತಿ’ ಅಂದರೆ ಏನು ಎಂದು ಹೇಳುವಾಗ ಇಮೇಲನ್ನೂ ಹೆಸರಿಸುತ್ತದೆ. 4(1)(ಎ) ಕಲಂ ಇನ್ನೂ ಮುಂದೆ ಹೋಗಿ, ದಾಖಲೆಗಳನ್ನೆಲ್ಲ ಪಟ್ಟಿ ಮಾಡಿ, ಇಂಡೆಕ್ಸ್ ಮಾಡಿ ಇಡುವುದು ಪ್ರತಿ ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ ಎನ್ನುತ್ತದೆ. ಟೋಕನ್ ಪುಸ್ತಕ ನಮ್ಮ ಹಕ್ಕು ಎಂಬ ಮಾತು ಇಪ್ಪತ್ತು ವರ್ಷದಿಂದ ಕಾನೂನಿನಲ್ಲೇ ಇದೆ. ಖಾಸಗಿ ಮಾಹಿತಿ ರಕ್ಷಣೆಯ 2023ರ ಕಾಯ್ದೆಯ ಮೂಲಕ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಬಿಗಿ ಮಾಡಿದ ಮೇಲೆ, ಉತ್ತರ ನಿರಾಕರಿಸಲು ಕಚೇರಿಗಳಿಗೆ ಹೊಸ ನೆಪವೂ ಸಿಕ್ಕಿದೆ. ‘ಕೊಡುವುದಿಲ್ಲ’ ಎಂಬುದನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಬಹುದು. ‘ಇಲ್ಲವೇ ಇಲ್ಲ’ ಎಂಬುದನ್ನು ಎಲ್ಲಿ ಪ್ರಶ್ನಿಸುವುದು?

ಹಾಗಾಗಿ ರಾಜ್ಯ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಳು ಸರಳ. ಒಂದು, ಸರ್ಕಾರಿ ಕೆಲಸಕ್ಕೆ ಸ್ವಂತ ಜಿಮೇಲ್ ನಿಲ್ಲಲಿ. ಪ್ರತಿ ಪಂಚಾಯಿತಿಗೂ ವ್ಯಕ್ತಿಯ ಹೆಸರಿನದಲ್ಲ, ಹುದ್ದೆಯ ಹೆಸರಿನ ವಿಳಾಸ ಇರಲಿ. ಎರಡು, ಮೂಲ ಸೇವೆ ಯಾರದೇ ಇರಲಿ, ಎಲ್ಲ ಇಮೇಲ್‌ಗಳ ಒಂದು ಪ್ರತಿ ಮತ್ತು ಅದರ ಇಂಡೆಕ್ಸ್ ಬೇರೆಯವರ ತಂತ್ರಾಂಶವೂ ಓದಬಲ್ಲ ರೂಪದಲ್ಲಿ ರಾಜ್ಯದ ಕೈಯಲ್ಲಿರಲಿ, ಎರಡು ಊರುಗಳಲ್ಲಿರಲಿ. ಮೂರು, ಇಡುವ ಮತ್ತು ಅಳಿಸುವ ಅವಧಿಯ ಪಟ್ಟಿ ಪ್ರಕಟವಾಗಲಿ. ನಾಲ್ಕು, ವರ್ಷಕ್ಕೊಮ್ಮೆ ಒಂದು ತಾಲ್ಲೂಕಿನ ಹಳೇ ಇಮೇಲ್‌ಗಳನ್ನು ನಿಜಕ್ಕೂ ವಾಪಸ್ ತೆಗೆದು ನೋಡಿ, ಫಲಿತಾಂಶ ಹೇಳಲಿ. ತೆಗೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ನೀವೂ ಇವತ್ತೇ ಶುರು ಮಾಡಬಹುದಾದದ್ದೊಂದಿದೆ. ನಿಮ್ಮ ಪಂಚಾಯಿತಿಗೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ಮೂರೇ ಪ್ರಶ್ನೆ ಕೇಳಿ. ಕಚೇರಿಯ ಅಧಿಕೃತ ಇಮೇಲ್ ಯಾವುದು? ಐದು ವರ್ಷದ ಹಿಂದಿನ ಇಮೇಲ್‌ಗಳು ಎಲ್ಲಿವೆ? ಅವುಗಳ ಇಂಡೆಕ್ಸ್ ಯಾರ ಬಳಿ ಇದೆ?

ಬಸ್ತಿಹಳ್ಳಿಯ ಶಾಸನಕ್ಕೆ 1902ರಲ್ಲಿ ಒಂದು ಸಂಖ್ಯೆ ಸಿಕ್ಕಿತು. ಆಮೇಲೆ ಮೈಸೂರು ವಿಶ್ವವಿದ್ಯಾಲಯ ಪರಿಷ್ಕೃತ ಸಂಪುಟ ತಂದಾಗ ಸಂಖ್ಯೆ ಬದಲಾಯಿತು. ಆದರೂ ಶಾಸನ ಕಳೆದುಹೋಗಲಿಲ್ಲ, ಯಾಕೆಂದರೆ ಹಳೇ ಪಟ್ಟಿಯೂ ಹೊಸ ಪಟ್ಟಿಯೂ ಅಚ್ಚಾಗಿ ಗ್ರಂಥಾಲಯದಲ್ಲಿ ಎಲ್ಲರಿಗೂ ಸಿಗುವಂತಿದ್ದವು. ರಾಜನ ಸುದ್ದಿಗೆ ಸಿಕ್ಕ ಈ ಭಾಗ್ಯ ಅದೇ ಊರಿನ ಚಾವಣಿ ರಿಪೇರಿಯ ಅರ್ಜಿಗೂ ಸಿಗಬೇಕು. ಅದಕ್ಕೆ ಬೇಕಾದ ಕಲ್ಲು ಈಗ ಅಗ್ಗವಾಗಿದೆ. ಪಟ್ಟಿಯನ್ನು ಕೇಳಿ ಪಡೆಯುವುದು ನಮ್ಮ ಕೆಲಸ.